ಅಕ್ಕನ ಸೋಮಾರಿ ಗಿಡ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಬೆಳೆಯುತ್ತೆ ಬಿಡಿ' ಎಂದೇ. ಎಷ್ಟೋ ವರ್ಷಗಳಿಂದ ಸಲೂನು ಇಟ್ಟುಕೊಂಡವನು. ಕಿವಿಯ ಮೇಲೆ ಒಂದು ಚೂರು ಹೆಚ್ಚು ಹೋಯಿತೆಂದು ಗಿರಾಕಿ ಕನ್ನಡಿಯಲ್ಲಿ ಮುಖ ಸಿಂಡರಿಸಿದರೆ, ಅವನ ಕುತ್ತಿಗೆಗೆ ಪೌಡರ್ ಬಳಿಯುತ್ತಾ "ಬೆಳೆಯುತ್ತೆ ಬಿಡಿ" ಎನ್ನುತ್ತಿದ್ದ. ಹೇಳಿದ ಹಾಗೆಯೇ ಬೆಳೆಯುತ್ತಲೂ ಇತ್ತು. ಮುಂದಿನ ತಿಂಗಳು ಅದೇ ಗಿರಾಕಿ ಅದೇ ಕುರ್ಚಿಯಲ್ಲಿ ಬಂದು ಕೂರುತ್ತಿದ್ದ. ಜೀವಮಾನವಿಡೀ ತಪ್ಪುಗಳು ತಾವಾಗಿಯೇ ಸರಿಹೋಗುವ ಕೆಲಸ ಮಾಡಿದವನಿಗೆ, ಸರಿಹೋಗದ ತಪ್ಪೂ ಒಂದಿರುತ್ತದೆ ಎಂದು ಹೊಳೆಯುವುದಾದರೂ ಹೇಗೆ? ಅವನಿಗೆ ಪಾಪ ಎನ್ನಬೇಕೋ, ಎರಡು ಬೈಯಬೇಕೋ ತಿಳಿಯುವುದಿಲ್ಲ. ಎರಡನ್ನೂ ಮಾಡಿದರೆ ಅಡ್ಡಿಯಿಲ್ಲ.

ಸಲೂನು ಎಂದರೆ ಮನೆಯ ಮುಂದಿನ ಕೋಣೆ. ಅದರ ಹಿಂದೆ ಅವನ ಅಕ್ಕನ ಕೋಣೆ, ಅದರ ಹಿಂದೆ ಅಡುಗೆಮನೆ. ಸಲೂನಿನ ಪಕ್ಕದ ಸಣ್ಣ ಗೇಟು ದಾಟಿದರೆ, ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಪಟ್ಟಿ ನೆಲ. ಅಕ್ಕ ಅದನ್ನು ತೋಟ ಎನ್ನುತ್ತಿದ್ದಳು, ತಮ್ಮ ಓಣಿ ಎನ್ನುತ್ತಿದ್ದ. ಗೋಡೆಯನ್ನು ಒತ್ತಿಕೊಂಡೇ ಕಾಲುದಾರಿ, ಅದರ ಕೊನೆಗೆ ಮನೆಯ ಬಾಗಿಲು. ದಾರಿಯ ಆಚೆ, ಅಕ್ಕನ ಕಿಟಕಿಗೆ ನೇರ ಎದುರಾಗಿ ಆ ಗಿಡ. ಗಿಡದಿಂದ ಕಾಂಪೌಂಡಿನವರೆಗೆ ಉಳಿದ ಜಾಗದಲ್ಲೆಲ್ಲ ಕುಂಡಗಳು.

ಅದು ಸೈಪ್ರಸ್ ಜಾತಿಯ ಕುಳ್ಳ ತಳಿ. ತಂದ ದಿನ ಒಂದು ಲೋಟದಷ್ಟಿತ್ತು. "ಇದು ಬಹಳ ನಿಧಾನ ಅಮ್ಮಾ, ಅವಸರ ಇದ್ರೆ ಬೇರೆ ತಗೊಳ್ಳಿ" ಎಂದಿದ್ದನಂತೆ ನರ್ಸರಿಯವನು. "ನಂಗ್ಯಾವ ಅವಸರ" ಎಂದು ಅಕ್ಕ ಎತ್ತಿಕೊಂಡು ಬಂದಳು. ವರ್ಷಕ್ಕೆ ಒಂದು ಬೆರಳುದ್ದ ಬೆಳೆದರೆ ಹೆಚ್ಚು. ಇಪ್ಪತ್ತು ವರ್ಷಗಳಲ್ಲಿ ಅದು ಅಕ್ಕನ ಎದೆಮಟ್ಟ ಬಂದಿತ್ತು. ಕೆಳಗೆ ತುಂಬಿಕೊಂಡು ಮೇಲೆ ಚೂಪಾಗಿ, ಬುಗುರಿಯನ್ನು ತಲೆಕೆಳಗಾಗಿ ನಿಲ್ಲಿಸಿದಂತೆ. ಒಂದು ಎಸಳೂ ಆಚೀಚೆ ಇರಲಿಲ್ಲ. ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ನೋಡಿ ಹೋಗುತ್ತಿದ್ದರು.

"ನಿನ್ನ ಸೋಮಾರಿ ಇವತ್ತಾದ್ರೂ ಎದ್ದನಾ?" ಎಂದು ತಮ್ಮ ದಿನವೂ ಕಾಡಿಸುತ್ತಿದ್ದ.

"ಸೋಮಾರಿ ಅಲ್ಲ ಅವನು. ಅವಸರ ಇಲ್ಲ ಅಷ್ಟೆ. ಎಲ್ಲಾರೂ ನಿನ್ನ ಥರ ಇರಕ್ಕಾಗುತ್ತಾ?" ಎನ್ನುತ್ತಿದ್ದಳು ಅಕ್ಕ.

ಇಬ್ಬರಿಗೂ ಮದುವೆಯ ಕಾಲ ಹೇಗೋ ದಾಟಿಹೋಗಿತ್ತು. ಅವನದು ಕತ್ತರಿ, ಅವಳದು ಸೂಜಿ. ಟೈಲರುಗಳು ತಂದುಕೊಟ್ಟ ಅಂಗಿಗಳಿಗೆ ಕಿಟಕಿಯ ಬಳಿ ಕೂತು ಕಾಜಾ ಹೊಲಿದು, ಗುಂಡಿ ಹಾಕಿಕೊಡುತ್ತಿದ್ದಳು. ಅವಳ ಕೋಣೆಗೂ ಸಲೂನಿಗೂ ನಡುವೆ ಒಂದೇ ಗೋಡೆ. ಟೀ ಆದಾಗ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಂಡ ಲೋಹದ ಟೋಪಿಯಿಂದ ಗೋಡೆಗೆ ಟಕ್ ಟಕ್ ಎಂದು ಕುಟ್ಟುತ್ತಿದ್ದಳು. ಗಿರಾಕಿಯ ಕೆನ್ನೆಯಲ್ಲಿ ಅರ್ಧ ನೊರೆ ಇದ್ದರೂ ಸರಿ, ಅವನು ಒಳಗೆ ಓಡಿ ಎರಡು ಗುಟುಕು ಕುಡಿದು ಬರುತ್ತಿದ್ದ.

ಸಂಜೆ ಅಕ್ಕ ಗಿಡದ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಹೊಸ ಚಿಗುರಿನ ತುದಿಯನ್ನು ಉಗುರಿನಲ್ಲಿ ಚಿವುಟುವುದು, ಒಳಗೆ ಒಣಗಿ ಉದುರಿದ್ದನ್ನು ಬೆರಳು ತೂರಿಸಿ ಹೆಕ್ಕುವುದು, ಇಷ್ಟೇ ಕೆಲಸ. ಒಮ್ಮೆ ಕೊಂಬೆಯೊಂದನ್ನು ಸರಿಸಿ ಹೇಳಿದ್ದಳು: "ಇಲ್ಲಿ ನೋಡೋ, ಒಳಗೆಲ್ಲ ಬರೀ ಕಡ್ಡಿ. ಇವನ ಹಸಿರು ಏನಿದ್ರೂ ಹೊರಗಿನ ಒಂದು ಗೇಣು. ಅದು ಹೋದ್ರೆ ಹೋಯ್ತು." ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದ ತಮ್ಮ ಪೇಪರಿನಿಂದ ತಲೆ ಎತ್ತದೆ "ಹೂಂ" ಎಂದಿದ್ದ. ಆ 'ಹೂಂ' ಅವನಿಗೆ ಆಮೇಲೆ ಎಷ್ಟು ಸಲ ನೆನಪಾಯಿತೋ ಲೆಕ್ಕವಿಲ್ಲ.

ಹೀಗಿರುವಾಗ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಆಸ್ಪತ್ರೆಯಿಂದ, ಇಬ್ಬರಿಗೂ ಕಿರಿಯಳಾದ ತಂಗಿ ಅವಳನ್ನು ನೇರವಾಗಿ ತನ್ನ ಮನೆಗೇ ಕರೆದುಕೊಂಡು ಹೋದಳು. ತಂಗಿಯದು ಲಿಫ್ಟ್ ಇರುವ ಕಟ್ಟಡ. ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ಸರಳು, ಹಗಲಿಡೀ ನೋಡಿಕೊಳ್ಳಲು ಒಬ್ಬ ಹೆಂಗಸು. ಯಾವುದಕ್ಕೂ ಕೊರತೆಯಿಲ್ಲ. "ಇನ್ನು ಇಲ್ಲೇ ಇದ್ದುಬಿಡಕ್ಕ" ಎಂದಳು ತಂಗಿ. ಅಕ್ಕ ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವಂತಾದ ಮೇಲೆ ತಮ್ಮನಿಗೆ ಫೋನ್ ಮಾಡಿದಳು.

"ಬರೋ ತಿಂಗಳು ಒಂದು ದಿನ ಬಂದು ನಡೆದು ನೋಡ್ತೀನಿ. ಓಡಾಡಕ್ಕಾದ್ರೆ ಅಲ್ಲೇ ಉಳ್ಕೊತೀನಿ. ಇಲ್ಲಾಂದ್ರೆ ಇವಳ ಮನೆಯೇ ಗತಿ. ಗಿಡಕ್ಕೆ ನೀರು ಹಾಕ್ತಾ ಇದ್ದೀಯ ತಾನೆ?"

"ಹಾಕ್ತಿದೀನಿ. ನೀನು ಬಾ ಮೊದ್ಲು" ಎಂದ ತಮ್ಮ.

ಅವನಿಗೆ ಅಕ್ಕ ಬೇಕಾಗಿತ್ತು. ಇದನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವವನಲ್ಲ, ಆದರೆ ಮನೆ ಅವನನ್ನು ತಿನ್ನುತ್ತಿತ್ತು. ಟೀ ಹೊತ್ತಿಗೆ ಕತ್ತರಿ ತಾನಾಗಿಯೇ ನಿಲ್ಲುತ್ತಿತ್ತು, ಕಿವಿ ಗೋಡೆಯ ಕಡೆ ಹೋಗುತ್ತಿತ್ತು. ಗೋಡೆ ಸುಮ್ಮನಿರುತ್ತಿತ್ತು. ತಾನೇ ಮಾಡಿಕೊಂಡರೆ ಹಾಲು ಉಕ್ಕುತ್ತಿತ್ತು, ಇಲ್ಲವೇ ಟೀ ಕಹಿಯಾಗುತ್ತಿತ್ತು. ಅಕ್ಕ ಬಂದು ನಡೆದು ನೋಡುವ ದಿನ ಒಂದೇ ಒಂದು ಅಡ್ಡಿಯೂ ಅವಳ ಕಾಲಿಗೆ ಸಿಗಬಾರದು ಎಂದು ತೀರ್ಮಾನಿಸಿದ. ಬಚ್ಚಲಿಗೆ ಸರಳು ಹಾಕಿಸಿದ, ಬಾಗಿಲ ಹೊಸ್ತಿಲು ತೆಗೆಸಿದ, ಅವಳ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದ. ಉಳಿದದ್ದು ಕಾಲುದಾರಿ.

ಗಿಡ ಇಪ್ಪತ್ತು ವರ್ಷದಲ್ಲಿ ಉದ್ದಕ್ಕೆ ಹೆಚ್ಚು ಬೆಳೆಯದಿದ್ದರೂ ಹೊಟ್ಟೆ ಬೆಳೆಸಿಕೊಂಡಿತ್ತು. ಅದರ ಬಳಿ ಬಂದಾಗ ಮನೆಯವರು ಯೋಚನೆಯೇ ಇಲ್ಲದೆ ಮೈಯನ್ನು ಅಡ್ಡ ತಿರುಗಿಸಿ ದಾಟುತ್ತಿದ್ದರು. ವಾಕರ್ ಅಡ್ಡ ತಿರುಗುವುದಿಲ್ಲ. ತಂಗಿಯ ಮನೆಗೆ ಹೋದಾಗ ಅವನು ಗೇಣು ಹಾಕಿ ವಾಕರ್ ಅಗಲ ನೋಡಿಕೊಂಡು ಬಂದಿದ್ದ. ಗಿಡದ ಬಳಿ ಒಂದೂವರೆ ಗೇಣು ಜಾಗ ಕಡಿಮೆ ಬೀಳುತ್ತಿತ್ತು.

ಸಲೂನಿಗೆ ರಜೆ ಇದ್ದ ದಿನ ಬೆಳಿಗ್ಗೆ, ಗಿಡ ಕತ್ತರಿಸುವ ದೊಡ್ಡ ಕತ್ತರಿ ತಂದ. ಅಕ್ಕನಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅವಳು ಬಂದಾಗ ದಾರಿ ಸರಾಗವಾಗಿರಬೇಕು, ಅವಳು 'ಅಬ್ಬಾ' ಎನ್ನಬೇಕು ಎಂಬ ಆಸೆ. ಅವನ ಕೈ ಚುರುಕು, ಅದರಲ್ಲಿ ಎರಡು ಮಾತಿಲ್ಲ. ತಲೆಯ ಪಕ್ಕ ಹೇಗೆ ತೆಗೆಯುತ್ತಾನೋ ಹಾಗೆಯೇ ಕೆಳಗಿನಿಂದ ಮೇಲಕ್ಕೆ ಒಂದೇ ಸಮನೆ ಹೊಡೆದುಕೊಂಡು ಹೋದ. ಅರ್ಧ ಗಂಟೆ ಹಿಡಿಯಲಿಲ್ಲ. ಹಿಂದೆ ಸರಿದು ನೋಡಿದರೆ ಕಿಟಕಿಯ ಕಡೆ ಪೂರ್ತಿ ಕಂದು ಕಡ್ಡಿಗಳು, ಎರಡು ಅಂಚಿಗೂ ಹಸಿರು. ಸ್ವಲ್ಪ ಜಾಸ್ತಿಯೇ ಹೋಯಿತೇನೋ ಅನ್ನಿಸಿತು. "ಬೆಳೆಯುತ್ತೆ ಬಿಡು" ಎಂದುಕೊಂಡ. ಕತ್ತರಿಸಿದ್ದನ್ನೆಲ್ಲ ಸಲೂನಿನ ಕೂದಲು ಗುಡಿಸುವ ಹಾಗೆ ಗುಡಿಸಿ ಚೀಲಕ್ಕೆ ತುಂಬಿದ. ಅದರ ಅಂಟಿನ ವಾಸನೆ ಎರಡು ದಿನ ಕೈಯಲ್ಲಿ ಉಳಿಯಿತು. ಯಾವ ಸೋಪು ಇದು, ಚೆನ್ನಾಗಿದೆ ಎಂದು ಗಿರಾಕಿಗಳು ಕೇಳಿದರು.

ಎರಡು ವಾರ ಕಳೆದರೂ ಒಂದು ಚುಕ್ಕೆ ಹಸಿರು ಕಾಣಲಿಲ್ಲ. ನೀರು ಹೆಚ್ಚು ಹಾಕಿದ, ಗೊಬ್ಬರ ಹಾಕಿದ. ಆಗಲೇ ಪಾರ್ಕಿನ ಮಾಲಿ ಗಡ್ಡ ಬೋಳಿಸಿಕೊಳ್ಳಲು ಬಂದದ್ದು. ಗೇಟಿನ ಸಂದಿಯಿಂದ ನೋಡಿಯೇ ಬಂದಿದ್ದ ಆಸಾಮಿ.

"ಯಾರಪ್ಪ ಅದನ್ನ ಬೋಳಿಸಿದ್ದು?" ಎಂದ ಮಾಲಿ, ಮುಖದ ತುಂಬ ನೊರೆ ಇಟ್ಟುಕೊಂಡು.

"ನಾನೇ. ದಾರಿಗೆ ಅಡ್ಡ ಆಗಿತ್ತು. ಬೆಳೆಯುತ್ತೆ ಬಿಡಿ."

"ಎಲ್ಲಿ ಬೆಳೆಯುತ್ತೆ? ನೀವು ಹಸಿರು ದಾಟಿ ಕಡ್ಡಿಗೆ ಹೋಗಿದ್ದೀರಿ. ಈ ಜಾತಿ ಗಿಡ ಹಳೇ ಕಡ್ಡಿಯಿಂದ ಮತ್ತೆ ಚಿಗುರಲ್ಲ. ನಿಮ್ಮ ಆ ಮಾತೆಲ್ಲ ತಲೆಗೆ ಸರಿ, ಇದಕ್ಕಲ್ಲ."

ತಮ್ಮನ ಕೈಯಲ್ಲಿದ್ದ ರೇಜರ್ ಹಾಗೇ ನಿಂತಿತು. "ಎಷ್ಟು ವರ್ಷ ಆದ್ರೂ?" ಎಂದು ಕೇಳಿದ.

"ಎಷ್ಟು ವರ್ಷ ಆದ್ರೂ. ಆ ಬದಿ ಇನ್ನು ಹಾಗೇ. ಮುಖ ಆರಿಹೋಗ್ತಾ ಇದೆ ಮಾರಾಯ್ರೆ, ಮುಗಿಸಿ."

ಆ ಸಂಜೆಯೇ ಅಕ್ಕನಿಗೆ ಹೇಳಿಬಿಟ್ಟಿದ್ದರೆ ಈ ಕಥೆ ಬೇರೆ ಆಗುತ್ತಿತ್ತೋ ಏನೋ. ಅಕ್ಕನೇ ಫೋನ್ ಮಾಡಿದಳು ಬೇರೆ.

"ನನ್ನ ಗಿಡ ಹೇಗಿದೆಯೋ?"

"ಚೆನ್ನಾಗಿದೆ ಅಕ್ಕ."

"ಚಿಗುರು ಬಂದಿರ್ಬೇಕಲ್ಲ ಇಷ್ಟೊತ್ತಿಗೆ."

"ಬಂದಿದೆ, ಬಂದಿದೆ" ಎಂದ. ಅದು ಪೂರ್ತಿ ಸುಳ್ಳೇನೂ ಅಲ್ಲ. ಕಾಂಪೌಂಡಿನ ಕಡೆ ಬಂದಿತ್ತು.

ಆಮೇಲೆ ಅವನು ಮಾಡಿದ ಕೆಲಸವನ್ನು ಅವನಂಥವನು ಮಾತ್ರ ಮಾಡಬಲ್ಲ. ತಲೆಯ ನಡುವೆ ಬೋಳಾದ ಗಿರಾಕಿಗಳಿಗೆ ಪಕ್ಕದ ಕೂದಲನ್ನು ಉದ್ದ ಬಿಟ್ಟು, ನಾಜೂಕಾಗಿ ಬಾಚಿ, ಬೋಳು ಮುಚ್ಚಿ ಕಳಿಸುವುದರಲ್ಲಿ ಅವನದು ಎತ್ತಿದ ಕೈ. ಅಕ್ಕ ಬರುವ ಹಿಂದಿನ ದಿನ ಅವಳದೇ ಪೆಟ್ಟಿಗೆಯಿಂದ ಹಸಿರು ದಾರ ತೆಗೆದು, ಎರಡು ಅಂಚಿನ ಹಸಿರು ಕೊಂಬೆಗಳನ್ನು ನಡುವಿಗೆ ಎಳೆದೆಳೆದು ಕಟ್ಟಿದ. ದಾರ ಕಾಣದಂತೆ ಒಳಗೆ ಗಂಟು ಹಾಕಿದ. ದೂರದಿಂದ ನೋಡಿದರೆ ಪರವಾಗಿಲ್ಲ ಎನ್ನುವಂತಾಯಿತು. ಅಕ್ಕ ಇಪ್ಪತ್ತು ವರ್ಷ ಅದನ್ನು ನೋಡಿದ್ದು ಒಂದು ಮೊಳ ದೂರದಿಂದ ಎಂಬುದು ಆ ಬುದ್ಧಿವಂತನ ತಲೆಗೆ ಹೋಗಲಿಲ್ಲ.

ತಂಗಿಯ ಗಂಡ ಕಾರಿನಲ್ಲಿ ಕರೆತಂದ. ಅಕ್ಕ ಸೊರಗಿದ್ದಳು, ಆದರೆ ಕಣ್ಣು ಮೊದಲಿನದೇ. ಗೇಟಿನಲ್ಲಿ ಇಳಿದು ವಾಕರ್ ಊರಿಕೊಂಡು ನಿಂತಳು. ದಾರಿ ನೋಡಿದಳು. ಒಂದೊಂದೇ ಹೆಜ್ಜೆ ಇಡುತ್ತಾ ಬಂದಳು. ವಾಕರ್ ಎಲ್ಲಿಯೂ ತಾಗಲಿಲ್ಲ. ತಮ್ಮ ಹಿಂದೆಯೇ ಬಂದ. ಗಿಡದ ಪಕ್ಕ ಬಂದಾಗ ಅವಳು ನಿಂತುಬಿಟ್ಟಳು. ಅಭ್ಯಾಸದಂತೆ ಮೈ ಅಡ್ಡ ತಿರುಗಿಸಲು ಹೊರಟವಳಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ವಾಕರಿನಿಂದ ಒಂದು ಕೈ ಬಿಡಿಸಿ ಚಾಚಿದಳು. ಬೆರಳು ನೇರವಾಗಿ ಗಂಟಿನ ಮೇಲೆಯೇ ಹೋಯಿತು. ಗಂಟು ಹುಡುಕುವುದು ಅವಳ ಜೀವನದ ಕೆಲಸ.

"ದಾರ ಯಾಕೋ ಕಟ್ಟಿದ್ದೀಯ?"

ಅಕ್ಕ ಉಗುರಿನಿಂದ ಗಂಟು ಬಿಡಿಸಿದಳು. ಒಂದು ಕೊಂಬೆ ಹಿಂದಕ್ಕೆ ಸರಿಯಿತು. ಇನ್ನೊಂದು ಗಂಟು ಬಿಡಿಸಿದಳು. ಎಲ್ಲ ಬಿಡಿಸಿ ಮುಗಿಯುವ ಹೊತ್ತಿಗೆ ಕಂದು ಕಡ್ಡಿಗಳ ಬದಿ ಪೂರ್ತಿ ತೆರೆದು ನಿಂತಿತ್ತು. ದಾರದ ತುಂಡುಗಳನ್ನು ಅವಳು ಸುತ್ತಿ ಸೆರಗಿನ ಅಂಚಿಗೆ ಸಿಕ್ಕಿಸಿಕೊಂಡಳು. ದಾರ ಚೆಲ್ಲುವ ಅಭ್ಯಾಸ ಅವಳಿಗಿರಲಿಲ್ಲ.

"ವಾಕರ್ ಹೋಗಲ್ಲ ಅಂತ... ನಿನಗೋಸ್ಕರನೇ ಅಕ್ಕ" ಎಂದ.

"ಗೊತ್ತಾಯ್ತು" ಎಂದು ಅಕ್ಕ ಮುಂದೆ ನಡೆದಳು.

ಒಳಗೆ ಬಚ್ಚಲು ನೋಡಿದಳು, ಸರಳು ಹಿಡಿದು ನೋಡಿದಳು, ಚೆನ್ನಾಗಿ ಹಾಕಿಸಿದ್ದೀಯ ಎಂದಳು. ತನ್ನ ಕೋಣೆಗೆ ಬಂದು ಮಂಚದ ಮೇಲೆ ಕೂತಳು. ಅವನು ಎಳೆದಿಟ್ಟ ಮಂಚದಿಂದ ಕಿಟಕಿಯಾಚೆ ಕಾಣುತ್ತಿದ್ದದ್ದು ಅದೊಂದೇ. ಕತ್ತರಿ ಹಾಕಿದ ಕೈ ಮೇಲೆ ಅವನಿಗೆ ಅಸಹ್ಯ ಹುಟ್ಟಿತು.

"ಬೈದುಬಿಡು ಅಕ್ಕ" ಎಂದ.

"ಬೈದ್ರೆ ಬೆಳೆಯುತ್ತಾ?"

ಅವನು ಕಿಟಕಿಯ ಚೌಕಟ್ಟು ಮುಟ್ಟಿ, "ಕಿಟಕಿಗೆ ಒಂದು ಪರದೆ ಹಾಕೋಣ ಬೇಕಾದ್ರೆ" ಎಂದ.

"ಮುಚ್ಚೋ ಕೆಲಸ ಸಾಕು ಕಣೋ." ಅವಳ ದನಿ ಏರಲಿಲ್ಲ. "ಕತ್ತರಿಸಿದ್ದಕ್ಕೆ ನಂಗೆ ಸಂಕಟ ಆಯ್ತು, ಕೋಪ ಇಲ್ಲ. ಇಪ್ಪತ್ತು ವರ್ಷ ಪಕ್ಕದಲ್ಲೇ ಇದ್ದೂ ನೀನು ಅದನ್ನ ಒಂದು ಸಲನೂ ನೋಡಿರ್ಲಿಲ್ಲ, ಅದೂ ಹೋಗ್ಲಿ. ಚೆನ್ನಾಗಿದೆ ಅಂದ್ಯಲ್ಲ ಫೋನಲ್ಲಿ. ಚಿಗುರು ಬಂದಿದೆ ಅಂದೆ. ನಾನು ಆ ರಾತ್ರಿ ಎಷ್ಟು ಖುಷಿಯಾಗಿ ಮಲಗಿದೆ ಗೊತ್ತಾ?"

ಅವನು ಮಂಚದ ಪಕ್ಕ ನೆಲದ ಮೇಲೆ ಕೂತ.

"ನಾನು ತಂಗಿ ಮನೆಲೇ ಇರ್ತೀನಿ" ಎಂದಳು ಅಕ್ಕ. "ನಿನ್ನ ಮೇಲೆ ಸಿಟ್ಟಿಗಲ್ಲ. ಇಲ್ಲಿದ್ರೆ ನಾನು ದಿನಾ ಅದನ್ನ ನೋಡ್ಬೇಕು, ನೀನು ದಿನಾ ನನ್ನ ಮುಖ ನೋಡ್ತೀಯ. ಇಬ್ರಿಗೂ ಯಾಕೆ ಆ ಶಿಕ್ಷೆ? ನನ್ನ ಬಟ್ಟೆ ಪೆಟ್ಟಿಗೆ, ಆ ಗುಂಡಿ ಡಬ್ಬ, ನನ್ನ ಕುರ್ಚಿ, ಇಷ್ಟು ಕಾರಿಗೆ ಇಡು."

ಉಳಿ ಎಂದು ಬೇಡಿಕೊಳ್ಳುವ ಮನಸ್ಸಾಯಿತು. ಯಾವ ಮುಖ ಇಟ್ಟುಕೊಂಡು ಬೇಡುವುದು? ಪೆಟ್ಟಿಗೆ ಹೊತ್ತುಕೊಂಡು ಹೊರಗೆ ಬಂದ. ತಂಗಿಯ ಗಂಡ ಕಾರಿನ ಡಿಕ್ಕಿ ತೆರೆದು ನಾಲಿಗೆ ಕಚ್ಚಿಕೊಂಡ.

"ಅಯ್ಯೋ ಭಾವ, ಮರೆತೇಬಿಟ್ಟೆ. ಮೊದ್ಲು ಇವನ್ನ ಇಳಿಸ್ಕೋಬೇಕು, ಇಲ್ಲಾಂದ್ರೆ ಪೆಟ್ಟಿಗೆಗೆ ಜಾಗ ಇಲ್ಲ."

ಡಿಕ್ಕಿಯ ತುಂಬ ಸಿಮೆಂಟ್ ಚಪ್ಪಡಿಗಳು.

"ಏನಿವು?" ಎಂದ ತಮ್ಮ.

"ನಿಮ್ಮ ಅಕ್ಕನೇ ತರಿಸಿದ್ದು. ಗಿಡದ ಪಕ್ಕ ವಾಕರ್ ಹೋಗಲ್ಲ, ಕುಂಡಗಳನ್ನ ಎತ್ತಿಟ್ಟು ಕಾಂಪೌಂಡ್ ಕಡೆಯಿಂದ ದಾರಿ ಮಾಡಿಸ್ತೀನಿ ಅಂದ್ರು. ಎಷ್ಟು ಅಗಲ, ಎಷ್ಟು ಚಪ್ಪಡಿ, ಎಲ್ಲ ಬಾಯಲ್ಲೇ ಹೇಳಿದ್ರು. ಇವತ್ತೇ ನಿಮ್ಮ ಕೈಲಿ ಹಾಕಿಸ್ಬೇಕು ಅಂತಿದ್ರು."

ಅಂದರೆ ಅಕ್ಕ ನಡೆದು ನೋಡಲು ಬಂದಿರಲಿಲ್ಲ, ಉಳಿಯಲೆಂದೇ ಬಂದಿದ್ದಳು. ತಮ್ಮ ಚಪ್ಪಡಿಗಳನ್ನು ಒಂದೊಂದಾಗಿ ಇಳಿಸಿ ಗೋಡೆಗೆ ಒರಗಿಸಿದ. ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು. ಅಕ್ಕ ಆಗಲೇ ಬಂದು ಮುಂದಿನ ಸೀಟಿನಲ್ಲಿ ಕೂತು ಎದುರಿನ ರಸ್ತೆ ನೋಡುತ್ತಿದ್ದಳು. ಕುರ್ಚಿಯನ್ನು ಹಿಂದಿನ ಸೀಟಿಗೆ ಅಡ್ಡಡ್ಡ ತುರುಕಿದ್ದಾಯಿತು. ಕಾರು ಹೋಯಿತು.

ಮರುವಾರದ ರಜೆಯ ದಿನ ಅವನು ಕುಂಡಗಳನ್ನೆಲ್ಲ ಎತ್ತಿಟ್ಟು, ನೆಲ ಸಮ ಮಾಡಿ, ಮರಳು ಹಾಸಿ ಚಪ್ಪಡಿ ಕೂರಿಸಿದ. ಸರಿಯಾಗಿ ಹೊಂದಿದವು, ಒಂದು ಹೆಚ್ಚಾಗಲಿಲ್ಲ, ಒಂದು ಕಡಿಮೆಯಾಗಲಿಲ್ಲ. ಕೈ ತೊಳೆದುಕೊಂಡು ಬಂದು ಆ ಹೊಸ ದಾರಿಯ ಮೇಲೆ ನಿಂತು ನೋಡಿದ. ಅಲ್ಲಿಂದ ಗಿಡ ತುಂಬಿಕೊಂಡು, ಚೂಪಾಗಿ, ಒಂದು ಎಸಳೂ ಆಚೀಚೆ ಇಲ್ಲದೆ ನಿಂತಿತ್ತು. ತುದಿಗಳಲ್ಲೆಲ್ಲ ಎಳೆ ಹಸಿರು. ಅವನು ಅದನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಓಡಿಹೋಗಿ ಫೋನ್ ಮಾಡಿದ.

"ಅಕ್ಕ, ಚಪ್ಪಡಿ ಹಾಕಿದೀನಿ, ನೀನು ಹೇಳಿದ ಹಾಗೇ. ಈ ಕಡೆಯಿಂದ ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗಿದೆ. ನಿಜವಾಗ್ಲೂ. ನಿನ್ನ ಮಂಚನೂ ಅಡುಗೆಮನೆ ಕಡೆಗೆ ಹಾಕ್ತೀನಿ. ಆ ಬದಿ ನಿನ್ನ ಕಣ್ಣಿಗೇ ಬೀಳಲ್ಲ."

"ಇದೆ ಅಂತ ನಂಗೆ ಗೊತ್ತಲ್ಲೋ" ಎಂದಳು ಅಕ್ಕ.

ಮತ್ತೆ ಅವಳೇ ಹೇಳಿದಳು: "ಈಗ ತುದಿ ಚಿವುಟೋ ಕಾಲ. ಸಂಜೆ ಬಿಸಿಲು ಇಳಿದ ಮೇಲೆ ಕೂತ್ಕೋ. ಎಳೇ ಚಿಗುರು ಮಾತ್ರ, ಅರ್ಧ ಉಗುರಿನಷ್ಟು. ಒಳಗೆ ಬಿದ್ದಿರೋದನ್ನ ಬೆರಳು ಹಾಕಿ ತೆಗಿ, ಇಲ್ಲಾಂದ್ರೆ ಗಾಳಿ ಆಡಲ್ಲ. ಕತ್ತರಿ ಮುಟ್ಟಬೇಡ. ಕೇಳಿಸ್ತಾ?"

"ಹೂಂ" ಎಂದ. ಮತ್ತೆ ಆ ಹೂಂ ಸಾಲದೆನಿಸಿ, "ಕೇಳಿಸ್ತು ಅಕ್ಕ" ಎಂದ.

ಸಂಜೆ ಬಿಸಿಲು ಇಳಿದ ಮೇಲೆ ಅಕ್ಕನ ಮಣೆ ತಂದು ಹಾಕಿಕೊಂಡು ಕೂತ.